ಮೂರು ಕಂಬದ ಹಡಗು

ರಾಯಚೂರಿನ ಪೇಟೆಯಲ್ಲಿ ಶಾಲೆಯ ಮಕ್ಕಳಿಗೆ ಬೇಕಾದ ಸಾಮಾನು ಮಾರುವ ಒಂದು ಅಂಗಡಿಯಿದೆ. ನಕ್ಷೆ, ಗ್ಲೋಬು, ಥರ್ಮಾಕೋಲು, ಬಣ್ಣದ ಹಾಳೆ ಎಲ್ಲ ಸಿಗುತ್ತದೆ. ಅಲ್ಲಿ ಹೋಗಿ, ಕಟ್ಟಿಗೆಯ ತುಂಡುಗಳನ್ನು ಜೋಡಿಸಿ ಮಾಡುವ ಹಡಗಿನ ಕಿಟ್ ಇದೆಯೇ ಎಂದು ಕೇಳಿದೆ. ಕೇಳುವಾಗ ನಾಚಿಕೆಯಾಗಬೇಕಿತ್ತು. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ತಲೆಯಲ್ಲಿ ಬಿಳಿಕೂದಲು ಬಂದವಳು, ಮನೆಯಲ್ಲಿ ಒಬ್ಬಳೇ ಇರುವವಳು. ಆದರೆ ಆ ದಿನಗಳಲ್ಲಿ ನಾಚಿಕೆಯಾಗಲಿ ಬೇರೆ ಏನಾಗಲಿ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ.

"ಜಹಾಜೇನ್ರಿ ಮೇಡಂ?" ಎಂದ ಅಂಗಡಿಯ ಸಾಹೇಬರು ಮೇಲಿನ ಅಟ್ಟದಿಂದ ಪ್ಲಾಸ್ಟಿಕ್ಕಿನ ಒಂದು ಹಡಗು ಇಳಿಸಿದರು. "ಇದು ನೋಡ್ರಿ, ರೆಡಿಮೇಡ್. ಸೆಲ್ ಹಾಕಿದ್ರ ಲೈಟ್ ಹತ್ತತದ, ಹಾಡ ಅಂತದ."

"ಇದಲ್ರಿ. ಕಟಿಗಿದು. ತುಂಡು ತುಂಡು ಬರ್ತಾವ. ನಾವೇ ಅಂಟಿಸಿ ಮಾಡಬೇಕು."

"ಮಾಡೋರು ನೀವಾದ್ರ ರೊಕ್ಕ ನನಗ್ಯಾಕ ಕೊಡ್ತೀರಿ?" ಎಂದು ನಕ್ಕರು. ನಾನು ನಗಲಿಲ್ಲ ಎಂದು ಕಂಡ ಮೇಲೆ ಅವರೂ ನಿಲ್ಲಿಸಿ, ಹೈದರಾಬಾದಿನಲ್ಲಿರುವ ತಮ್ಮ ಷಡ್ಡಕನಿಗೆ ಫೋನು ಹಚ್ಚಿ ತಮ್ಮ ಮನೆಮಾತಿನಲ್ಲಿ ವಿಚಾರಿಸಿದರು. ಸ್ವಲ್ಪ ಹೊತ್ತಿನಲ್ಲಿ ಎರಡು ಡಬ್ಬಿಗಳ ಫೋಟೋ ಬಂತು. ಒಂದು ಮೂರು ಹಾಯಿಕಂಬಗಳ ದೊಡ್ಡ ಯುದ್ಧದ ಹಡಗು, ಎರಡೂ ಮಗ್ಗುಲಿಗೆ ಸಾಲಾಗಿ ತೋಪುಗಳು. ಇನ್ನೊಂದು ಒಂದೇ ಕಂಬದ ಸಣ್ಣ ಮೀನುಗಾರರ ದೋಣಿ. ಶುಕ್ರವಾರ ನಮಾಜು ಮುಗಿದ ಮೇಲೆ ಷಡ್ಡಕ ರಾಯಚೂರಿಗೆ ಸಾಮಾನು ಕಟ್ಟುತ್ತಾನೆ, ಅಷ್ಟರೊಳಗೆ ಯಾವುದೆಂದು ಹೇಳಿಬಿಡಿ ಎಂದರು.

ಯಾವುದೆಂದು ಹೇಳುವುದೇ ನನಗೆ ಆಗದ ಕೆಲಸವಾಗಿತ್ತು. ಹಿಂದಿನ ವರ್ಷ ನನ್ನ ಅಣ್ಣ ತೀರಿಕೊಂಡಿದ್ದ. ಬಸ್ಸಿನ ಡ್ರೈವರಾಗಿದ್ದ. ಡ್ಯೂಟಿ ಮುಗಿಸಿ ಮಾನ್ವಿಯ ಮನೆಗೆ ಬಂದು, ಎದೆ ಉರಿಯುತ್ತಿದೆ ಎಂದು ಮಲಗಿದವನು ಏಳಲಿಲ್ಲ. ಮಣ್ಣು ಮಾಡುವಾಗ, ಮನೆಯಲ್ಲಿ ಎಲ್ಲರೂ ಕೂತು ಬುದ್ಧನಿಗೆ ಶರಣೆನ್ನುವ ತಿಸರಣ ಹೇಳುವಾಗ, ಬಂದವರಿಗೆ ನಾನು ನೀರು ಕೊಡುತ್ತಿದ್ದೆ, ಕುರ್ಚಿ ಹಾಕಿಸುತ್ತಿದ್ದೆ. ಅಳು ಬರಲಿಲ್ಲ. ಆಮೇಲೆ ಬರುತ್ತದೆ ಎಂದುಕೊಂಡೆ. ಆಮೇಲೆಯೂ ಬರಲಿಲ್ಲ. ಬದಲಿಗೆ, ಬೇಕು ಎನ್ನುವುದು ಹೊರಟುಹೋಯಿತು. ಮೇಲೆ ಯಾವ ಸೀರೆ ಇದೆಯೋ ಅದನ್ನೇ ಉಡುತ್ತಿದ್ದೆ. ಕಾಯಿಪಲ್ಲೆಯವಳು ಚೀಲಕ್ಕೆ ಏನು ಹಾಕಿದರೆ ಅದನ್ನು ತರುತ್ತಿದ್ದೆ. ಸಾರಿಗೆ ಉಪ್ಪು ಹಾಕಿಲ್ಲವೆಂಬುದು ಮರುದಿನ ಡಬ್ಬಿ ಹಂಚಿಕೊಂಡ ಸಹೋದ್ಯೋಗಿಯಿಂದ ಗೊತ್ತಾಗುತ್ತಿತ್ತು.

ಆ ನಡುವೆ ಫೋನಿನಲ್ಲಿ ಯಾರೋ ಒಬ್ಬ ಹಡಗು ಕಟ್ಟುವ ವಿಡಿಯೋ ಕಣ್ಣಿಗೆ ಬಿತ್ತು. ಮುಖ ಕಾಣುವುದಿಲ್ಲ, ಎರಡು ಕೈ ಮಾತ್ರ. ಪಕ್ಕೆಲುಬುಗಳಂತಹ ಹಲಗೆಗಳ ಮೇಲೆ ತೆಳ್ಳನೆಯ ಪಟ್ಟಿಗಳನ್ನು ಒಂದೊಂದಾಗಿ ಬಗ್ಗಿಸಿ ಅಂಟಿಸುತ್ತಾನೆ. ಮಾತು ಬಂದ್ ಮಾಡಿ ನೋಡುತ್ತಿದ್ದೆ. ನೋಡಿದರೆ ಸಮಾಧಾನವಾಗುತ್ತಿತ್ತು ಎಂದು ಹೇಳಲಾರೆ. ನೋಡುತ್ತ ಕೂಡಬಹುದಾದದ್ದು ಅದೊಂದೇ ಆಗಿತ್ತು. ನೋಡುತ್ತ ನೋಡುತ್ತ ಒಂದು ನೆನಪು ಬಂತು. ಕೃಷ್ಣಾ ನದಿಯ ದಂಡೆ, ಹೂವಿನಹೆಡಗಿಯ ಕಡೆ ಯಾವುದೋ ಮದುವೆಗೆ ಹೋದಾಗ. ಜೋಳದ ದಂಟಿನಲ್ಲಿ ಮಾಡಿದ, ಮೂರು ಹಾಯಿಗಳ ಒಂದು ಹಡಗನ್ನು ಅಣ್ಣ ನೀರಿಗೆ ಬಿಡುತ್ತಾನೆ. ದೊಡ್ಡವನಾದ ಮೇಲೆ ಖರೇ ಹಡಗು ಮಾಡುತ್ತೇನೆ ಎನ್ನುತ್ತಾನೆ.

ನೆನಪನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಓದಿದ್ದು ಇತಿಹಾಸ. ಈ ನೆನಪಿನಲ್ಲಿ ಒಂದು ದೋಷ ಅವತ್ತೇ ಕಾಣಿಸಿತ್ತು: ಚಡ್ಡಿ ಹಾಕುವ ವಯಸ್ಸಿನ ಅಣ್ಣ ಅದರಲ್ಲಿ ಡ್ರೈವರಿನ ಖಾಕಿ ಅಂಗಿ ತೊಟ್ಟಿದ್ದ. ಆದರೂ ಹಿಡಿದುಕೊಂಡೆ. ಅವನ ಒಂದು ಆಸೆಯನ್ನು ನನ್ನ ಕೈಯಾರೆ ಮಾಡಿ ಮುಗಿಸಿದರೆ ಒಳಗೆ ಎಲ್ಲಿಯೋ ಸಿಕ್ಕಿಕೊಂಡಿದ್ದು ಬಿಡಬಹುದು, ಅಳು ಬರಬಹುದು ಎಂಬ ಲೆಕ್ಕ. ಅದಕ್ಕೆ ಮೂರು ಕಂಬದ್ದೇ ಆಗಬೇಕಿತ್ತು.

ತೊಡಕಿದ್ದದ್ದು ಇಲ್ಲಿ. ಈ ವಿದ್ಯೆ ಬಲ್ಲವರೆಲ್ಲ ಒಂದೇ ಮಾತು ಹೇಳುತ್ತಾರೆ. ಮೊದಲ ಸಲಕ್ಕೆ ಒಂದೇ ಕಂಬದ್ದು ತೆಗೆದುಕೊಳ್ಳಿ, ತುಂಡುಗಳು ದೊಡ್ಡವಿರಲಿ, ದಾರದ ಕೆಲಸ ಕಡಿಮೆ ಇರಲಿ, ತೋಪು ಬೇಡ. ಡಬ್ಬಿಯ ಮೇಲಿನ ಚಿತ್ರ ನೋಡಿ ದೊಡ್ಡದನ್ನು ತಂದವರು ಅರ್ಧಕ್ಕೆ ಬಿಟ್ಟು ಕಪಾಟಿನ ಮೇಲೆ ಇಡುತ್ತಾರೆ. ಅಣ್ಣನ ಹಡಗು ಅರ್ಧಕ್ಕೆ ನಿಂತು ಧೂಳು ತಿನ್ನುವುದನ್ನು ನಾನು ದಿನಾ ನೋಡಬೇಕಾಗುತ್ತದೆ. ಹಾಗಾಗಿ, ಅಷ್ಟು ದೊಡ್ಡದಕ್ಕೆ ಕೈ ಹಾಕುವ ಮೊದಲು, ಆ ನೆನಪು ಖರೆಯೋ ಅಲ್ಲವೋ ಎಂದು ಕೇಳಿಕೊಂಡು ಬರಲು ದೇವದುರ್ಗದ ಬಸ್ಸು ಹತ್ತಿದೆ. ಅಲ್ಲಿ ಅಕ್ಕ ಇದ್ದಾಳೆ. ನಾವು ಮೂವರು, ಅಕ್ಕ ಹಿರಿಯಳು, ಅಣ್ಣ ನಡುವಿನವನು, ನಾನು ಕಡೆಯವಳು. ದಾರಿಯಲ್ಲಿ ಗಬ್ಬೂರು ಬಂತು. ನಾವು ಹುಟ್ಟಿ ಬೆಳೆದದ್ದು ಅಲ್ಲೇ, ಅಪ್ಪ ಅವ್ವ ಕೂಲಿಗೆ ಹೋಗುತ್ತಿದ್ದದ್ದು ಅಲ್ಲಿನ ಹೊಲಗಳಿಗೇ. ಬಸ್ಸು ನಿಂತಿತು, ಜನ ಇಳಿದರು, ಹೊರಟಿತು. ಕಿಟಕಿಯಿಂದ ಹೊರಗೆ ನೋಡಿದೆನೋ ಇಲ್ಲವೋ ನೆನಪಿಲ್ಲ.

ಅಕ್ಕ ಚಟ್ನಿಪುಡಿಗೆ ಅಗಸಿ ಹುರಿಯುತ್ತಿದ್ದಳು. ಫೋಟೋ ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಫೋನು ಇಸಿದುಕೊಂಡಳು.

"ಏನ ಬೇ ಇದು, ತೋಪು ಅದಾವಲ್ಲ?"

"ಯುದ್ಧದ ಹಡಗ ಅದು."

"ನಿನಗ್ಯಾರ ಮ್ಯಾಲ ಬಂದದ ಯುದ್ಧ? ನಿಮ್ಮ ಪ್ರಿನ್ಸಿಪಾಲನ ಮ್ಯಾಲೇನು?"

ಅಣ್ಣನ ಆಸೆಯ ವಿಷಯ ಹೇಳಿದೆ. ನದಿ, ಮದುವೆ, ಮೂರು ಹಾಯಿ. ಅಕ್ಕ ಸೌಟು ಆಡಿಸುವುದನ್ನು ನಿಲ್ಲಿಸದೆ ಕೇಳಿದಳು.

"ಹೂವಿನಹೆಡಗಿ ಮದಿವಿಗಿ ನೀ ಬಂದೇ ಇಲ್ಲ," ಎಂದಳು. "ನಿನಗ ದಡಾರ ಎದ್ದಿತ್ತು. ಅವ್ವ ನಿನ್ನ ಕಟಗೊಂಡು ಮನ್ಯಾಗ ಉಳದ್ಲು. ಅಪ್ಪ, ನಾನು, ತಮ್ಮ ಮೂರೇ ಮಂದಿ ಹೋಗಿದ್ವಿ. ಅಂವ ಹೊಳಿ ನೋಡಿದವನೇ ಅಂಜಿ ಅಪ್ಪನ ಕಾಲು ಹಿಡಕೊಂಡ. ಹಡಗ ಎಲ್ಲಿಂದ ಬಿಡ್ತಾನ?"

"ಹಂಗಾದ್ರ ದಂಟಿನ ಹಡಗ?"

"ಅದು ಇತ್ತು. ಇಲ್ಲ ಅನ್ನಂಗಿಲ್ಲ. ಗಾಲಿ ಇದ್ವು ಅದಕ್ಕ."

"ಹಡಗಕ್ಕ ಗಾಲಿ?"

"ಹೂಂ ಮತ್ತ! ಹಡಗಕ್ಕ ಗಾಲಿ ಹಚ್ಚಿದ ಪುಣ್ಯಾತ್ಮರು ನೀವಿಬ್ಬರೇ ಇರಬೇಕು. ನೂಲು ಕಟಗೊಂಡು ಓಣಿ ತುಂಬ ಎಳಕೋತ ತಿರುಗ್ತಿದ್ದಿ. ಧೂಳು ಎಬ್ಬಿಸಿ ಬೈಸಿಗೋತಿದ್ದಿ." ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. "ನಿನಗ ಈಗರೆ ಒಂದು ಹನಿ ಬರ್ತದೇನು? ಎಂಥ ಕಲ್ಲು ಬೇ ನೀನು."

ಆ ಮಾತು ನಾಟಬೇಕಿತ್ತು. ಅಗಸಿ ಸೀಯುತ್ತಿದೆ ಎಂದು ಹೇಳಿದೆ.

ಗಾಲಿಯ ವಿಷಯ ನನಗೆ ನೆನಪೇ ಇರಲಿಲ್ಲ. ನಮ್ಮ ಕಡೆ ಮಕ್ಕಳೆಲ್ಲ ದಂಟಿನ ಬಂಡಿ ಮಾಡುತ್ತಾರೆ. ಒಳಗಿನ ಬೆಂಡಿನಿಂದ ಗಾಲಿ, ಮೇಲಿನ ಸಿಪ್ಪೆ ಸೀಳಿ ಅದನ್ನೇ ಮೊಳೆಯಂತೆ ಚುಚ್ಚುವುದು. ನೀರು ಕಂಡಿದ್ದೇ ಕಡಿಮೆ, ಹಡಗು ಕಂಡಿದ್ದಂತೂ ಪುಸ್ತಕದಲ್ಲಿ ಮಾತ್ರ. ಹಾಗಿರುವಾಗ ಹಡಗಿಗೂ ಗಾಲಿ ಹಚ್ಚುವುದು ನಮಗೆ ತಪ್ಪು ಎನಿಸಿರಲಿಕ್ಕಿಲ್ಲ. ಇಷ್ಟು ತರ್ಕ ಮಾಡಿಕೊಂಡೆ. ನದಿ ಹೋಯಿತು, ಮದುವೆ ಹೋಯಿತು. ಮೂರು ಹಾಯಿ ಮಾತ್ರ ಉಳಿದಿತ್ತು. ಅಕ್ಕನಿಗೆ ಹಾಯಿಗಳ ನೆನಪಿರಲಿಲ್ಲ.

ಶುಕ್ರವಾರ ಕಾಲೇಜಿಗೆ ರಜೆ ಹಾಕಿ ಮಾನ್ವಿಗೆ ಹೋದೆ. ಅತ್ತಿಗೆ ಹಿರೇಕೊಟ್ನೆಕಲ್ಲಿನ ಶಾಲೆಯಲ್ಲಿ ಟೀಚರು, ದಿನಾ ಬಸ್ಸಿಗೆ ಓಡಾಡುತ್ತಾಳೆ. ನಾನು ಬರುತ್ತೇನೆಂದು ಅರ್ಧ ದಿನ ರಜೆ ಕೇಳಿಕೊಂಡು ಬಂದಿದ್ದಳು. "ಬಾರವ್ವ," ಎಂದು ನನ್ನ ಕೈಚೀಲ ಇಸಿದುಕೊಂಡು ಒಳಗಿಟ್ಟಳು. ರೊಟ್ಟಿ, ಬದನೆಕಾಯಿ ಪಲ್ಲೆ ಬಡಿಸಿದಳು. ಉಣ್ಣಲು ಕೂತೆವು. ಅವಳು ಅಣ್ಣನ ಬಗ್ಗೆ ಮಾತಾಡುವಾಗ ದನಿ ಸಣ್ಣದು ಮಾಡುವುದಿಲ್ಲ, ಒಳಗಿನ ಕೋಣೆಯಲ್ಲಿ ಇದ್ದಾನೆ ಎಂಬಂತೆ ಮಾತಾಡುತ್ತಾಳೆ. ಅದಕ್ಕೆ ನಾನೂ ನೇರವಾಗಿಯೇ ಕೇಳಿದೆ: ಅವನಿಗೆ ಮೂರು ಹಾಯಿಯ ಹಡಗು ಮಾಡುವ ಆಸೆ ಇತ್ತೇ?

"ಅವರಿಗೆ ಇದ್ದದ್ದು ಒಂದೇ ಆಸಿ, ನಿದ್ದಿ," ಎಂದಳು. "ಡ್ಯೂಟಿ ಇಳದ್ರ ಸಾಕು, ನಡುಮನ್ಯಾಗ ಉರುಳೋದು. ಹಡಗ ಎಲ್ಲಿಂದ ಬರ್ತದ?" ಎರಡು ತುತ್ತು ಉಂಡ ಮೇಲೆ ತಟ್ಟನೆ ತಲೆ ಎತ್ತಿದಳು. "ತಡಿ. ದಂಟಿಂದೇನು? ಹೇಳ್ತಿದ್ರು. ಆದ್ರ ಅದು ಹಡಗಲ್ಲವ್ವ."

"ಮತ್ತ?"

"ಬಂಡಿ." ಅಣ್ಣ ಹೇಳುತ್ತಿದ್ದ ಧಾಟಿಯಲ್ಲೇ, ಅವನ ಕೈಗಳಂತೆ ಕೈ ಆಡಿಸುತ್ತ ಹೇಳಿದಳು. "'ನಮ್ಮ ಸಣ್ಣಾಕಿ ಬೆನ್ನು ಹತ್ತಿದ್ಲಂತ ದಂಟಿನ ಬಂಡಿ ಮಾಡಿ ಕೊಟ್ಟೆ. ಮಗ್ಗಲಕ್ಕ ನಾಕು ಗೂಟ ಹಚ್ಚಿದ್ದೆ. ಕೊಟ್ಟ ಗಳಿಗ್ಯಾಗ ಒಂದು ಮುರಕೊಂಡ್ಲು. ಉಳಿದ ಮೂರು ಗೂಟಕ್ಕ ಪುಸ್ತಕದ ಹಾಳಿ ಹರದು ಚುಚ್ಚಿ, ಅಣ್ಣಾ ಇದು ಹಡಗ ಅಂದ್ಲು. ನಾ ಏನನ್ಲಿ? ಹೂಂ, ಹಡಗೇ ಅಂದೆ.' ಹಂಗ ಹೇಳಿ ನಗ್ತಿದ್ರು."

ಮೂರು ಹಾಯಿಕಂಬ ಎಂದರೆ ಮುರಿದು ಉಳಿದ ಬಂಡಿಯ ಗೂಟಗಳು. ಹಡಗಿನ ಆಸೆ ಅವನದಾಗಿರಲಿಲ್ಲ. ಅವನು ಬಿಟ್ಟುಹೋದದ್ದೆಂದು ನಾನು ಹಿಡಿದುಕೊಂಡು ತಿರುಗುತ್ತಿದ್ದದ್ದು ನನ್ನದೇ ಹಟವಾಗಿತ್ತು.

"ಯಾವಾಗ ಹೇಳಿದ್ದ ಇದನ್ನ?" ಎಂದೆ.

"ಭಾಳ ಸಲ. ಮೊದಲನೇ ಸಲ ನೀ ಎಂ.ಎ. ಮಾಡಾಕ ಗುಲಬರ್ಗಾಕ್ಕ ಹೊಂಟಾಗ. ಮನ್ಯಾಗ ಎಲ್ಲರೂ ಬ್ಯಾಡ ಅನ್ನಾಕತ್ತಿದ್ರಲ್ಲ. ಇವರು ಬಂದವರೇ ಮಾವಗ ಅಂದ್ರು, 'ಯಪ್ಪಾ, ಆಕಿ ಬಂಡಿಗೇ ಹಡಗ ಅಂದಾಕಿ. ಬೇಕು ಅಂದ್ರ ಬೇಕೇ ಆಕಿಗೆ. ನೀ ಬ್ಯಾಡ ಅಂದ್ರ ಬಿಡ್ತಾಳೇನು?' ಮಾವ ಅಲ್ಲಿಗೆ ಬಾಯಿ ಮುಚ್ಚಿದ್ರು."

ಅಪ್ಪ ಹೇಗೆ ಒಪ್ಪಿದ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಅಂಕಪಟ್ಟಿ ನೋಡಿ ಒಪ್ಪಿದ ಎಂದುಕೊಂಡಿದ್ದೆ. ಈಗಲೂ ಅತ್ತಿಗೆ ಹೇಳಿದ್ದೇ ಪೂರಾ ಖರೆ ಎಂದು ಬರೆಯಲಾರೆ. ನಗಿಸುವುದಕ್ಕೆಂದು ಅಣ್ಣ ಕತೆಗೆ ಮೆರುಗು ಕೊಟ್ಟಿರಬಹುದು, ಮೂರು ಹಾಯಿ ಎಂದು ನಾನು ಕೇಳಿದ ಮೇಲೆ ಅವಳ ನೆನಪಿನಲ್ಲಿ ಮೂರು ಗೂಟ ಬಂದಿರಬಹುದು. ಅಕ್ಕನ ನೆನಪು, ಅವಳ ನೆನಪು, ನನ್ನ ನೆನಪು ಒಂದಕ್ಕೊಂದು ಕೂಡುವುದಿಲ್ಲ. ಕೂಡುವುದು ಒಂದೇ ಕಡೆ. ಎಲ್ಲದರಲ್ಲೂ ದಂಟಿನದೊಂದು ಆಟಿಕೆ, ಅದಕ್ಕೆ ಹಡಗು ಎಂಬ ಹೆಸರು. ಅತ್ತಿಗೆ ಹೇಳಿದಂತೆ ಹಡಗು ಎಂದವಳು ನಾನು, ಹೂಂ ಎಂದವನು ಅವನು. ನನ್ನ ನೆನಪಿನಲ್ಲಿ ಮಾತ್ರ ನಾನು ಆ ಆಸೆಯನ್ನು ಎತ್ತಿ ಅವನ ಬಾಯಲ್ಲಿ ಇಟ್ಟಿದ್ದೆ. ಯಾಕೆ ಇಟ್ಟೆ ಎಂದು ಇವತ್ತಿಗೂ ಯೋಚಿಸುತ್ತೇನೆ. ಸತ್ತವರಿಗೆ ಆಸೆ ಇತ್ತು ಎಂದರೆ ಇದ್ದವರಿಗೆ ಏನೋ ಕೆಲಸ ಉಳಿಯುತ್ತದೆ, ಅದಕ್ಕೇ ಇರಬಹುದು.

"ಈಗ ಯಾವುದು ತಗೋತಿ?" ಎಂದು ಅತ್ತಿಗೆ ಕೇಳಿದಳು. ಫೋಟೋಗಳನ್ನು ತೋರಿಸಿದೆ. ದೊಡ್ಡದನ್ನು ಬಹಳ ಹೊತ್ತು ನೋಡಿದಳು. "ಇದರ ದಾರದಾಗ ನನ್ನ ಸಾಲಿ ಹುಡುಗೂರು ಎಲ್ಲಾ ಸಿಕ್ಕಿ ಬೀಳ್ತಾವ," ಎಂದಳು. "ಅವರಿಗೋಸ್ಕರ ಅಂತ ಮಾಡೂದಿದ್ರ ಬ್ಯಾಡವ್ವ. ಅವರಿಗೆ ಬೇಕಿರಲಿಲ್ಲ. ನಿನಗ ಬೇಕಾದ್ರ ಮಾಡು."

ಫೋನು ಚೀಲಕ್ಕೆ ಹಾಕಿಕೊಂಡು ಎದ್ದೆ. ಬಸ್‌ಸ್ಟ್ಯಾಂಡಿನ ತನಕ ಅತ್ತಿಗೆ ಬಂದಳು, ಪಪ್ಪಾಯಿ ಒಂದನ್ನು ಚೀಲಕ್ಕೆ ತುರುಕಿದಳು, ಶಾಲೆಯ ಕೆಲಸ ಬಾಕಿ ಇದೆ ಎಂದು ಹೋದಳು. ನಾನು ಬೆಂಚಿನ ಮೇಲೆ ಕೂತೆ. ರಾಯಚೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಫೋನು ಬಡಿಯಿತು. ಅಂಗಡಿಯ ಸಾಹೇಬರು.

"ಮೇಡಂ, ನಮಾಜ ಆಯ್ತು. ನಮ್ಮಾಂವ ಸಾಮಾನು ಕಟ್ಟಾಕತ್ಯಾನ. ಯಾವುದು ಹೇಳ್ರಿ ಜಲ್ದಿ. ದೊಡ್ಡದೇನು?"

"ಸಣ್ಣದು," ಎಂದೆ.

"ಸಣ್ಣದಾ? ದೊಡ್ಡದು ಭಾರೀ ಶಾನ್ ಅದ ನೋಡ್ರಿ. ಸಣ್ಣದು ಯಾರಿಗ್ರಿ, ಮನ್ಯಾಗ ಹುಡುಗೂರಿಗೇನು?"

"ನನಗ್ರಿ."

"ಆತು, ನಿಮ್ಮ ಖುಷಿ," ಎಂದರು. ಖುಷಿ ಏನೂ ಆಗಿರಲಿಲ್ಲ. ಅಳುವೂ ಬಂದಿರಲಿಲ್ಲ, ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಆದರೆ ಅವರು ಫೋನು ಇಡುವುದರೊಳಗೆ ನನ್ನ ಬಾಯಿಂದ ಪ್ರಶ್ನೆಗಳು ಬಂದವು. ಪಟ್ಟಿಗಳು ಯಾವ ಕಟ್ಟಿಗೆಯವು, ಬಗ್ಗಿಸಿದರೆ ಮುರಿಯುತ್ತವೆಯೇ, ಅಂಟು ಡಬ್ಬಿಯಲ್ಲಿ ಬರುತ್ತದೆಯೋ ಬೇರೆ ತರಬೇಕೋ?

"ಅಯ್ಯ, ಅದೆಲ್ಲ ನನಗೇನ್ ಗೊತ್ತ್ರಿ ಮೇಡಂ?"

"ಡಬ್ಬಿ ಒಳಗಿನ ಚೀಟ್ಯಾಗ ಬರದಿರ್ತದ. ಓದಿ ಹೇಳಾಕ ಹೇಳ್ರಿ ಅವರಿಗೆ."

"ಈಗಾ?"

"ಹೂಂರಿ. ಈಗೇ ಬೇಕು."

ಇನ್ನೊಂದು ಫೋನಿನಲ್ಲಿ ಅವರು ಷಡ್ಡಕನಿಗೆ ಕೂಗಿ ಹೇಳುವುದು ಕೇಳಿಸಿತು. ಡಬ್ಬಿ ಬಿಚ್ಚಬೇಕಾಗುತ್ತದೆ ಎಂದು ಆ ಕಡೆಯವನು ಗೊಣಗಿರಬೇಕು, ಇವರು ಏನೋ ಸಮಾಧಾನ ಹೇಳುತ್ತಿದ್ದರು. ಅಷ್ಟರಲ್ಲಿ ರಾಯಚೂರಿನ ಬಸ್ಸು ಬಂದು ನಿಂತಿತು. ಜನ ಹತ್ತಿದರು, ಕಂಡಕ್ಟರ್ ನನ್ನ ಕಡೆ ನೋಡಿ, "ಬರ್ತೀರೇನ್ರಿ?" ಎಂದು ಕೂಗಿದ. ಫೋನನ್ನು ಕಿವಿಗೆ ಒತ್ತಿಕೊಂಡು, ಹೋಗಿರಿ ಎಂದು ಕೈಸನ್ನೆ ಮಾಡಿದೆ. ಬಸ್ಸು ಹೋಯಿತು. ನಾನು ಉತ್ತರಕ್ಕೆ ಕಾಯುತ್ತ ಕೂತಿದ್ದೆ.