ಟವರಕ್ಕನ ಕುತ್ತಿಗೆಗೆ ಬಿದ್ದ ಕ್ಯಾಮೆರಾ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಇಬ್ಬನಿಗೆ ಬೂಟು ಆಗಲೇ ತೊಯ್ದು ತೊಪ್ಪೆಯಾಗಿದೆ. ಬೇಲಿಯ ಕೆಳತಂತಿಯನ್ನು ಕಾಲಲ್ಲಿ ಅದುಮಿ, ಮೇಲಿನದನ್ನು ಕೈಯಲ್ಲಿ ಎತ್ತಿ, ನಡುವಿನ ಸಂದಿಯಲ್ಲಿ ಟವರಕ್ಕ ನುಸುಳುತ್ತಾರೆ. ಎದೆಯ ಮೇಲೆ ತೂಗುವ ಕ್ಯಾಮೆರಾವನ್ನು ಎಳೆಮಗುವಿನ ತಲೆ ಹಿಡಿದಷ್ಟು ಜೋಪಾನವಾಗಿ ಹಿಡಿದಿದ್ದಾರೆ. ಆಚೆ ಬಂದು ಸೊಂಟ ನೆಟ್ಟಗೆ ಮಾಡಿಕೊಂಡು ಮೊದಲು ಸೂರ್ಯ ಯಾವ ಕಡೆ ಎಂದು ನೋಡುತ್ತಾರೆ, ಆಮೇಲೆ ಟವರ್ ಕಡೆ. ಸೂರ್ಯ ಬೆನ್ನಿಗಿರಬೇಕು, ಟವರ್ ಮುಖಕ್ಕಿರಬೇಕು. ಅದಕ್ಕಾಗಿ ಬದುವಿನ ಮೇಲೆ ಅರ್ಧ ಸುತ್ತು ಹಾಕುವುದಾದರೂ ಸರಿಯೇ.

ಆ ಹೊತ್ತಿಗೆ ಊರಿಗೆ ಊರೇ ಮಗ್ಗುಲು ಬದಲಿಸುತ್ತಿರುತ್ತದೆ. ನಾವು ಆಕಳಿಸುತ್ತ ಎದ್ದು ಸ್ವಿಚ್ ಒತ್ತುತ್ತೇವೆ, ದೀಪ ಹತ್ತುತ್ತದೆ. ಹತ್ತದಿದ್ದ ದಿನ ಬಾಯಿಗೆ ಬಂದದ್ದು ಬೈಯುತ್ತೇವೆ. ಹತ್ತಿದ ದಿನ ಯಾರನ್ನಾದರೂ ನೆನೆದದ್ದುಂಟೇ? ಇಲ್ಲ ಬಿಡಿ. ಹೊಲ, ತೋಪು, ಹಳ್ಳ ದಾಟಿ ಸಾಗುವ ಹೈಟೆನ್ಷನ್ ತಂತಿಯ ಕೆಳಗೆ ಒಬ್ಬ ಹೆಣ್ಣುಮಗಳು ದಿನವೂ ನಡೆಯುತ್ತಾರೆ, ಕತ್ತೆತ್ತಿ ಒಂದೊಂದು ಟವರನ್ನೂ ನೋಡುತ್ತಾರೆ ಎಂಬುದು ನಮಗೆ ಗೊತ್ತಾಗುವುದಾದರೂ ಹೇಗೆ? ಎಲೆಮರೆಯ ಕಾಯಿ ಎನ್ನೋಣವೆಂದರೆ ಇವರು ನಿಲ್ಲುವ ಕಡೆ ಮರೆಯಾಗಲು ಒಂದು ಎಲೆಯೂ ಇಲ್ಲ, ಬರೀ ಬಯಲು.

"ನಿಮ್ಮ ಕೆಲಸ ಏನು ಅಂತ ಯಾರಾದ್ರೂ ಕೇಳಿದ್ರೆ ನನಗೇ ನಗು ಬರುತ್ತೆ. ನಡೆಯೋದು, ಕತ್ತೆತ್ತಿ ನೋಡೋದು, ಅಷ್ಟೇ. ಸಂಬಳ ಕೊಟ್ಟು ಆಕಾಶ ನೋಡಿಸ್ತಾರಲ್ಲೇ ನಿನಗೆ ಅಂತ ನಮ್ಮತ್ತೆ ಹೇಳ್ತಿದ್ರು," ಎನ್ನುತ್ತಾರೆ ಟವರಕ್ಕ. ದಿನಕ್ಕೆ ಹತ್ತು ಹನ್ನೆರಡು ಟವರ್ ಮುಗಿಯುತ್ತವೆ. ಹಳ್ಳ ತುಂಬಿದ್ದರೆ ಅರ್ಧಕ್ಕೆ ಅರ್ಧ. ನಾಯಿ ಅಟ್ಟಿಸಿಕೊಂಡು ಬಂದರೆ ಇನ್ನೂ ಬೇಗ ಮುಗಿಯುತ್ತದೆ ಎಂದು ತಾವೇ ನಗುತ್ತಾರೆ.

ಅವರು ನೋಡುವುದು ಮುಖ್ಯವಾಗಿ ಪಿಂಗಾಣಿ ಬಿಲ್ಲೆಗಳನ್ನು. ಟವರಿನ ಕಬ್ಬಿಣದ ತೋಳಿಗೂ ಕರೆಂಟಿನ ತಂತಿಗೂ ನಡುವೆ ಒಂದರ ಕೆಳಗೊಂದು ತೂಗುವ ಕಂದು ಬಣ್ಣದ ಬಿಲ್ಲೆಗಳಿವೆಯಲ್ಲ, ಅವೇ. ತಂತಿಯ ಕರೆಂಟು ಟವರಿಗೆ ಹರಿಯದಂತೆ ತಡೆಯುವುದು ಅವುಗಳ ಕೆಲಸ. ಮೇಲೆ ಕಂದು, ಒಳಗೆ ಅಚ್ಚ ಬಿಳಿ. ಆದ್ದರಿಂದ ಕೆಳಗೆ ನಿಂತವರಿಗೆ ಬಿಳಿ ಕಂಡರೆ ಬಿಲ್ಲೆ ಒಡೆದಿದೆ ಎಂದು ಅರ್ಥ. ಅಥವಾ ಹಕ್ಕಿಯೊಂದು ಅದರ ಮೇಲೆ ಹಿಕ್ಕೆ ಹಾಕಿ ಹೋಗಿದೆ ಎಂದು ಅರ್ಥ. ಇಷ್ಟು ಸಣ್ಣ ವಿಷಯ ಒಂದು ಮನೆಯ ನಿದ್ದೆ ಕೆಡಿಸಿತ್ತು ಎಂದರೆ ನಂಬುತ್ತೀರಾ?

ಯಾಕೆಂದರೆ, ಒಡೆದಿದೆಯೋ ಹಿಕ್ಕೆಯೋ ಎಂಬ ಅನುಮಾನ ಬಂದರೆ ಮೇಲೆ ಹತ್ತಿ ನೋಡಬೇಕಾದವನು ಟವರಕ್ಕನ ಸ್ವಂತ ತಮ್ಮ. ಅಮ್ಮ ತೀರಿಕೊಂಡಾಗ ಅವನಿನ್ನೂ ಸ್ಕೂಲಿನ ಹುಡುಗ. ಅಕ್ಕನೇ ತಲೆ ಬಾಚಿ, ಬುತ್ತಿ ಕಟ್ಟಿ, ಗದರಿಸಿ, ಮುದ್ದಿಸಿ ದೊಡ್ಡವನನ್ನಾಗಿ ಮಾಡಿದರು. ತಾವು ದುಡಿಯುವ ವಿದ್ಯುತ್ ಕಚೇರಿಯಲ್ಲೇ ಟವರ್ ಹತ್ತುವ ಕೆಲಸ ಖಾಲಿ ಇದೆ ಎಂದು ಗೊತ್ತಾದಾಗ ಹೇಳಿ ಸೇರಿಸಿದವರೂ ಅವರೇ. ಅಂದಿನಿಂದ ಅಕ್ಕ ನೆಲದಲ್ಲಿ, ತಮ್ಮ ಆಕಾಶದಲ್ಲಿ.

"ದುರ್ಬೀನಲ್ಲಿ ನನಗೆ ಕಾಣೋದು ನನ್ನೊಬ್ಬಳ ಕಣ್ಣಿಗಷ್ಟೇ. ಆಫೀಸಿಗೆ ಅದನ್ನ ಹೇಗೆ ತೋರಿಸ್ಲಿ? ಅನುಮಾನ ಅಂತ ಬರೆದ್ರೆ ಅವನು ಹತ್ಬೇಕು. ಎಷ್ಟೋ ಸಲ ಹತ್ತಿ ನೋಡಿ, 'ಅಕ್ಕಾ, ಕಾಗೆ ಕೆಲ್ಸ!' ಅಂತ ಮೇಲಿಂದ ಕೂಗಿದ್ದಾನೆ." ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಎಂದು ಇಬ್ಬರೂ ನಗುತ್ತಿದ್ದರು.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಆ ನಗು ನಿಂತಿತು. ಹಳ್ಳದ ದಂಡೆಯ ಎತ್ತರದ ಟವರ್ ಅದು. ಅನುಮಾನ ಬರೆದದ್ದು ಅಕ್ಕ, ಹತ್ತಿದ್ದು ತಮ್ಮ, ಮೇಲೆ ಸಿಕ್ಕಿದ್ದು ಹಿಕ್ಕೆ. ಇಳಿಯುವಾಗ ಒದ್ದೆ ಕಬ್ಬಿಣದ ಮೇಲೆ ಕಾಲು ಜಾರಿತು. ಬೆಲ್ಟ್ ಹಿಡಿದುಕೊಂಡಿತು, ಮನುಷ್ಯ ಗಾಳಿಯಲ್ಲಿ ತೂಗಾಡಿದ. ಭುಜ ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಕೆಳಗಿದ್ದ ಅಕ್ಕನಿಗೆ ಜೀವ ಬಾಯಿಗೆ ಬಂದಿತ್ತು.

ಅಲ್ಲಿಂದ ಮುಂದೆ ಕೆಲಸ ಅತ್ತ ದರಿ, ಇತ್ತ ಪುಲಿ ಎಂಬಂತಾಯಿತು. ಬಿಳಿ ಕಂಡಾಗ ಬರೆದರೆ ತಮ್ಮ ಹತ್ತಬೇಕು. ಬರೆಯದಿದ್ದರೆ, ಅದು ನಿಜವಾಗಿ ಒಡೆದ ಬಿಲ್ಲೆಯೇ ಆಗಿದ್ದರೆ, ಯಾವತ್ತೋ ಒಂದು ದಿನ ತಂತಿ ಕಳಚಿ ಕೆಳಗೆ ನಡೆಯುವವರ ತಲೆಯ ಮೇಲೆ ಬೀಳಬೇಕು. ಒಮ್ಮೆ ಅವರು ಒಂದು ಬಿಳಿ ಗುರುತನ್ನು ನೋಡಿಯೂ ನೋಡದವರಂತೆ ಮುಂದೆ ಹೋದರಂತೆ. ಎರಡು ಹೊಲ ದಾಟುವಷ್ಟರಲ್ಲಿ ಕಾಲು ಮುಂದೆ ಹೋಗಲಿಲ್ಲ. "ವಾಪಸ್ ಬಂದು ಬರ್ಕೊಂಡೆ. ಮನೆಗೆ ಬಂದು ಗಂಡನ ಹತ್ರ ಅತ್ತೆ."

ಅಳು ಕಚೇರಿಯವರೆಗೂ ಮುಟ್ಟಿತೋ ಏನೋ, ಇಂಜಿನಿಯರ್ ಮೇಡಂ ಒಂದು ದಾರಿ ಹುಡುಕಿದರು. ಮೊಬೈಲಿನಲ್ಲಿ ಅಷ್ಟೆತ್ತರದ ಬಿಲ್ಲೆ ತೆಗೆದರೆ ಕಲಸಿದ ಹಿಟ್ಟಿನ ಹಾಗೆ ಬರುತ್ತಿತ್ತು. ಡ್ರೋನ್ ಇದೆ, ಆದರೆ ಅದು ದೊಡ್ಡ ಕಚೇರಿಯದ್ದು. ಕರೆದ ದಿನ ಬರುವ ಪೈಕಿ ಅಲ್ಲ. ದೂರದ್ದನ್ನು ಹತ್ತಿರ ಎಳೆಯುವ ಸೂಪರ್‌ಝೂಮ್ ಕ್ಯಾಮೆರಾ ಒಂದನ್ನು ಕೊಡಿಸುತ್ತೇನೆ, ಫೋಟೊ ಸ್ಪಷ್ಟವಾಗಿದ್ದರೆ ಬರೀ ಅನುಮಾನಕ್ಕೆ ಯಾರನ್ನೂ ಹತ್ತಿಸುವುದಿಲ್ಲ ಎಂದರು ಮೇಡಂ. ಅಂಗಡಿಯಿಂದ ವಾರದ ಮಟ್ಟಿಗೆ ಎರಡು ಬಗೆಯವು ಬಂದವು. ಒಂದನ್ನು ಇಟ್ಟುಕೊಳ್ಳಬೇಕು, ಇನ್ನೊಂದನ್ನು ಹಿಂದಿರುಗಿಸಬೇಕು. ಆರಿಸುವ ಭಾರ ಟವರಕ್ಕನದೇ.

ದೊಡ್ಡದನ್ನು ಬ್ರಿಡ್ಜ್ ಕ್ಯಾಮೆರಾ ಎನ್ನುತ್ತಾರೆ. ಉದ್ದ ಮೂತಿ, ಕೈತುಂಬ ಹಿಡಿ, ಕಣ್ಣು ಇಟ್ಟು ನೋಡಲು ಹಿಂದೆ ಒಂದು ಕಿಂಡಿ. ಚಿಕ್ಕದು ಜೇಬಿಗೆ ಹೋಗುವ ಕಾಂಪ್ಯಾಕ್ಟ್. ಗುಂಡಿ ಒತ್ತಿದರೆ ಆಮೆ ತಲೆ ಹೊರಹಾಕುವಂತೆ ಅದರ ಲೆನ್ಸ್ ಆಚೆ ಬರುತ್ತದೆ. ಕಿಂಡಿ ಇಲ್ಲ, ಹಿಂದಿನ ಪರದೆಯಲ್ಲೇ ನೋಡಬೇಕು. ಮನೆಯಲ್ಲಿ ಪಂಚಾಯಿತಿ ಕೂತಿತು. "ದೊಡ್ಡದು ದೊಡ್ಡದೇ ಅಕ್ಕಾ, ಯೋಚ್ನೆ ಮಾಡೋದೇನಿದೆ?" ಎಂದ ತಮ್ಮ. ದರ್ಜಿ ಕೆಲಸದ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, "ಅದನ್ನ ಹೊತ್ಕೊಂಡು ಬೇಲಿ ನುಸುಳೋಳು ಅವಳು, ನೀನಲ್ಲ. ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು," ಎಂದರು. ಅಷ್ಟೇ ಅಲ್ಲ, ಹೆಂಡತಿ ಆರಿಸುವ ಮೊದಲೇ ಅವಳ ಕೋಟಿಗೆ ಚಿಕ್ಕ ಕ್ಯಾಮೆರಾದ ಅಳತೆಯ ಜೇಬು ಹೊಲಿದೂಬಿಟ್ಟರು!

ಮೊದಲೆರಡು ದಿನ ಗಂಡನ ಮಾತೇ ಗೆಲ್ಲುವಂತಿತ್ತು. ದೊಡ್ಡದು ಬೇಲಿಗೆ ತಗಲುತ್ತಿತ್ತು, ಹಳ್ಳ ದಾಟುವಾಗ ಹೊಟ್ಟೆಗೆ ಗುದ್ದುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ದಾರಿಯಲ್ಲಿ ಕಂಡವರೆಲ್ಲ ಪತ್ರಿಕೆಯವರು ಎಂದುಕೊಂಡು ಮಾತಿಗೆ ನಿಲ್ಲಿಸುತ್ತಿದ್ದರು. ಒಬ್ಬ ಅಜ್ಜ ತಮ್ಮ ಎಮ್ಮೆಯ ಜೊತೆ ನಿಂತು ಫೋಟೊ ತೆಗೆಸಿಕೊಂಡೇ ಬಿಟ್ಟರು. ಚಿಕ್ಕದರ ತಂಟೆ ತಕರಾರೇ ಇಲ್ಲ. ಮೋಡ ಮುಸುಕಿದ ದಿನ ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಇದ್ಯಾವುದು ಅದ್ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಮರುದಿನ ದೊಡ್ಡದನ್ನು ಮನೆಯಲ್ಲೇ ಬಿಟ್ಟು, ಚಿಕ್ಕದನ್ನು ಜೇಬಿಗಿಳಿಸಿ ಹಗುರಾಗಿ ಹೊರಟರು. ಎಡವಟ್ಟಾದದ್ದು ಅಲ್ಲೇ. ಅವತ್ತು ಬಿಸಿಲು ಚುರುಗುಟ್ಟುತ್ತಿತ್ತು, ದಾರಿಯಲ್ಲಿ ಬಂದದ್ದು ಅದೇ ಹಳ್ಳದ ದಂಡೆಯ ಟವರ್. ದುರ್ಬೀನಿನಲ್ಲಿ ಮೂರನೆಯ ಬಿಲ್ಲೆಯಲ್ಲಿ ಬಿಳಿ ಕಂಡಿತು. ಕ್ಯಾಮೆರಾ ತೆಗೆದರೆ ಪರದೆ ಬಿಸಿಲಿಗೆ ಕನ್ನಡಿಯಾಗಿ ಕೂತಿದೆ. "ನನ್ನ ಮೂಗೇ ನನಗೆ ಕಾಣ್ತಿತ್ತು. ಪೂರ್ತಿ ಝೂಮ್ ಮಾಡಿ, ಎರಡೂ ಕೈ ಮುಂದೆ ಚಾಚಿ ಹಿಡಿದ್ರೆ ಬಿಲ್ಲೆ ಜಿಂಕೆ ಹಾಗೆ ನೆಗೀತಿತ್ತು. ಸಿಕ್ಕಿದ್ದಷ್ಟು ತೆಗೆದು ಕಳಿಸ್ಬಿಟ್ಟೆ."

ಚಿತ್ರದಲ್ಲಿ ಒಂದು ಬಿಳಿ ಮುದ್ದೆ ಬಿಟ್ಟರೆ ಏನೂ ಇರಲಿಲ್ಲ. ಮೇಡಂ ಅದನ್ನು ನೋಡಿ ಒಡೆದಿರುವ ಹಾಗೇ ಇದೆ, ಅಪಾಯ ಬೇಡ, ಹತ್ತಿಸೋಣ ಎಂದರು. ಲೈನ್ ಆಫ್ ಮಾಡಿಸಲು ಒಪ್ಪಿಗೆಯೂ ಸಿಕ್ಕಿತು. ಯಾರನ್ನು ಹತ್ತಿಸಬಾರದು ಎಂದು ಈ ಕ್ಯಾಮೆರಾ ಬಂದಿತ್ತೋ ಅವನನ್ನೇ ಅದು ಹತ್ತಿಸಲು ಹೊರಟಿತ್ತು, ಅದೂ ಅದೇ ಟವರಿಗೆ. ತಮ್ಮನ ಭುಜ ಇನ್ನೂ ಪೂರ್ತಿ ಸರಿಹೋಗಿರಲಿಲ್ಲ.

ಲೈನ್ ಆಫ್ ಆದ ಬೆಳಿಗ್ಗೆ ಎಲ್ಲರೂ ಟವರ್ ಬುಡದಲ್ಲಿದ್ದಾರೆ. ಗಾಳಿ ಎದ್ದಿದೆ. ತಮ್ಮ ಬೆಲ್ಟ್ ಬಿಗಿದುಕೊಂಡು ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಿದ್ದಾನೆ. "ಮೇಡಂ, ಸ್ವಲ್ಪ ತಡೀರಿ, ಇನ್ನೊಂದ್ಸಲ ನೋಡ್ತೀನಿ," ಎಂದು ಟವರಕ್ಕ ದೊಡ್ಡ ಕ್ಯಾಮೆರಾ ಹಿಡಿದು ಹಳ್ಳಕ್ಕಿಳಿದರು. ಮೊಣಕಾಲು ಮಟ್ಟದ ನೀರು ದಾಟಿ, ಸೂರ್ಯ ಬೆನ್ನಿಗೆ ಬರುವ ಕಡೆ ಒಂದು ಬಂಡೆಗೆ ಒರಗಿ ನಿಂತರು. ಪಟ್ಟಿ ಕುತ್ತಿಗೆಗೆ ಬಿಗಿಯಾಯಿತು, ಮೊಣಕೈ ಪಕ್ಕೆಗೆ ಒತ್ತಿತು, ಹುಬ್ಬು ಕಿಂಡಿಗೆ ತಾಗಿತು. ಕಿಂಡಿಯೊಳಗೆ ಬಿಸಿಲಿಗೆ ಪ್ರವೇಶವಿಲ್ಲ. ಅಲ್ಲಿ ಇದ್ದದ್ದು ಕಂದು ಬಿಲ್ಲೆ ಮತ್ತು ಬಿಳಿ ಗುರುತು, ಎರಡೇ.

"ಆ ಬಿಳಿ ಮೇಲಿನ ಕಬ್ಬಿಣದ ಮೇಲೇ ಶುರುವಾಗಿತ್ತು. ಅಲ್ಲಿಂದ ಒಂದನೇ ಬಿಲ್ಲೆ, ಎರಡನೇ ಬಿಲ್ಲೆ ಮೇಲೆ ತೊಟ್ಟಿಕ್ಕಿ, ಮೂರನೇದ್ರ ಮೇಲೆ ಗಟ್ಟಿಯಾಗಿ ಕೂತಿತ್ತು. ಬಿಲ್ಲೆ ಅಂಚು ದುಂಡಗೆ ಹಾಗೇ ಇತ್ತು. ಕಬ್ಬಿಣ ಒಡೆದ್ರೆ ಬೆಳ್ಳಗಾಗುತ್ತಾ ಹೇಳಿ?" ಉಸಿರು ಬಿಗಿಹಿಡಿದು ಚಿತ್ರ ತೆಗೆದು, ಮತ್ತೆ ಹಳ್ಳ ದಾಟಿ ಬಂದು ಮೇಡಂ ಕೈಗೆ ಕೊಟ್ಟರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಮೇಡಂ ಚಿತ್ರವನ್ನು ಹಿಗ್ಗಿಸಿ, ಸರಿಸಿ, ಇನ್ನೊಂದು ಸಲ ಹಿಗ್ಗಿಸಿ ನೋಡಿದರು. ಆಮೇಲೆ ಟವರ್ ಕಡೆ ತಿರುಗಿ, "ಇಳೀರಿ, ಇಳೀರಿ! ಹಕ್ಕಿದು!" ಎಂದು ನಕ್ಕರು.

ತಮ್ಮನ ಬೆಲ್ಟ್ ಬಿಚ್ಚಿಕೊಂಡ ಸದ್ದಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಎನ್ನುತ್ತಾರೆ ಟವರಕ್ಕ. ಒದ್ದೆ ಬೂಟಿನಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರಂತೆ. "ಏನಕ್ಕಾ, ಹತ್ತಬೇಕಾದೋನು ನಾನು, ಸುಸ್ತಾಗಿರೋದು ನೀನು!" ಎಂದು ತಮ್ಮ ಛೇಡಿಸಿದನಂತೆ. ಬೈಯಲು ಬಾಯಿ ತೆರೆದರೆ ಬರೀ ನಗು ಆಚೆ ಬಂತಂತೆ.

ಆಯ್ಕೆ ಅಲ್ಲಿಗೆ ಮುಗಿಯಿತು. ಚಿಕ್ಕ ಕ್ಯಾಮೆರಾ ಅಂಗಡಿಗೆ ಹಿಂದಿರುಗಿತು. ಅದರ ಮೇಲೆ ಟವರಕ್ಕನಿಗೆ ಸಿಟ್ಟೇನೂ ಇಲ್ಲ. "ಪಾಪ, ಅದರ ತಪ್ಪಲ್ಲ. ಮಕ್ಕಳು ಮರಿ ಕರ್ಕೊಂಡು ಊರೂರು ಸುತ್ತೋರಿಗೆ ಬಂಗಾರದಂಥದ್ದು. ಬೆಳಗಾದ್ರೆ ಬಿಸಿಲಲ್ಲಿ ನಿಲ್ಲೋಳಿಗೆ ಕಿಂಡಿ ಬೇಕು, ಅಷ್ಟೇ." ಗಂಡ ಗೊಣಗುತ್ತಲೇ ಜೇಬಿನ ಹೊಲಿಗೆ ಬಿಚ್ಚಿದರು. ಅದರ ಬದಲು ಎರಡೂ ಹೆಗಲಿಗೆ ಭಾರ ಹಂಚುವ, ಮೆತ್ತೆ ತುಂಬಿದ ಅಗಲ ಪಟ್ಟಿಯೊಂದನ್ನು ಹೊಲಿದುಕೊಟ್ಟರು. ಈಗ ಕುತ್ತಿಗೆ ನೋವು ಅಷ್ಟಿಲ್ಲ. ಇದ್ದರೂ ಸಂಜೆ ಬಿಸಿನೀರು ಬಿದ್ದರೆ ಹೋಗುತ್ತದೆ.

ಹಾಗೆಂದು ತಮ್ಮ ಹತ್ತುವುದು ನಿಂತಿಲ್ಲ. ಮೊನ್ನೆ ಮೊನ್ನೆ ಕಲ್ಲುಗಣಿಯ ಪಕ್ಕದ ಟವರಿನಲ್ಲಿ ಬಿಲ್ಲೆಯೊಂದು ನಿಜವಾಗಿ ಒಡೆದಿತ್ತು. ಚಿತ್ರದಲ್ಲಿ ಬಿರುಕಿನ ಅಂಚು ಅಂಗೈ ಹುಣ್ಣಿನಂತೆ ಕಾಣುತ್ತಿತ್ತು. ಯಾವ ತೋಳು, ಎಷ್ಟನೆಯ ಬಿಲ್ಲೆ ಎಂದು ಮೊದಲೇ ತಿಳಿದುಕೊಂಡು, ಹೊಸ ಬಿಲ್ಲೆಯ ಸಮೇತ ತಮ್ಮ ಹತ್ತಿದ. "ಅನುಮಾನಕ್ಕೆ ಹತ್ತೋದು ಬೇರೆ, ಗೊತ್ತಿದ್ದು ಹತ್ತೋದು ಬೇರೆ," ಎನ್ನುತ್ತಾರೆ ಅಕ್ಕ.

ದಿನವಿಡೀ ಟವರ್ ನೋಡುವ ಈ ಹೆಣ್ಣುಮಗಳು, ತಮ್ಮ ಟವರ್ ಹತ್ತಿದಾಗ ಮಾತ್ರ, ಒಂದು ಸಲವೂ ಕತ್ತೆತ್ತಿದವರಲ್ಲ. ಬೆನ್ನು ತಿರುಗಿಸಿ ಹುಲ್ಲು ಕೀಳುತ್ತ ಕೂತಿರುತ್ತಿದ್ದರು. ಹಲ್ಲುಕಚ್ಚಿಕೊಂಡು, ಬೆವರಿಕೊಂಡು, ದೇವರನ್ನು ನೆನೆಯುತ್ತ ಹತ್ತುತ್ತಿರುತ್ತಾನೆ ಎಂದೇ ಅವರ ಲೆಕ್ಕ. ಅವತ್ತು ಅದೇನು ಧೈರ್ಯ ಬಂತೋ, ಮೆಲ್ಲಗೆ ತಿರುಗಿ ಕಿಂಡಿಗೆ ಕಣ್ಣಿಟ್ಟರು. ತಮ್ಮನ ಮುಖ ಕೈಗೆ ಸಿಗುವಷ್ಟು ಹತ್ತಿರ ಬಂತು. ಅವನು ಬೋಲ್ಟ್ ಬಿಗಿಯುತ್ತ, ತಲೆ ಆಡಿಸುತ್ತ, ಬಾಯಿತುಂಬ ಹಾಡುತ್ತಿದ್ದ. ಗಾಳಿಗೆ ಒಂದಕ್ಷರವೂ ಕೆಳಗೆ ಕೇಳುತ್ತಿರಲಿಲ್ಲ.

"ಇಳಿದ ಮೇಲೆ, ಅಲ್ಲೋ, ಮೇಲೆ ಹಾಡ್ತಿದ್ಯಲ್ಲೋ ಅಂದೆ. 'ಯಾವಾಗ್ಲೂ ಹಾಡ್ತೀನಿ ಕಣಕ್ಕಾ, ಕೆಳಗೆ ಹಾಡಿದ್ರೆ ನೀವ್ಯಾರು ಬಿಡ್ತೀರಿ?' ಅಂದ. ಅಯ್ಯೋ ದೇವ್ರೇ, ಇಷ್ಟು ವರ್ಷ ನಾನೊಬ್ಬಳೇ ಹೆದರಿದ್ದಾ ಅನ್ನಿಸ್ತು." ನಗುತ್ತ ಹೇಳುವಾಗಲೇ ಟವರಕ್ಕನ ಕಣ್ಣು ತುಂಬುತ್ತದೆ. ಕ್ಯಾಮೆರಾ ತಿರುಗಿಸಿ ಒಂದು ಚಿತ್ರ ತೋರಿಸುತ್ತಾರೆ. ನೀಲಿ ಆಕಾಶ, ಕಬ್ಬಿಣದ ತೋಳು, ಬಾಯಿ ತೆರೆದ ತಮ್ಮ.

"ಮಿಕ್ಕಿದ್ದೆಲ್ಲ ಆಫೀಸಿಗೆ ಕಳಿಸ್ತೀನಿ. ಇದೊಂದನ್ನ ಕಳಿಸಿಲ್ಲ. ಇದ್ರಲ್ಲಿ ರಿಪೇರಿ ಮಾಡೋದು ಏನೂ ಇಲ್ಲ."