ಸದರಿಯವರ ಬಗ್ಗೆ ಒಂದು ಪುಟ

ನಮ್ಮ ಚಿಕ್ಕಮ್ಮ ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಕಣ್ಣು ಕರಡಿನ ಮೇಲೆ, ಬೆರಳು ಕೀಲಿಗಳ ಮೇಲೆ, ಮನಸ್ಸು ಮಾತ್ರ ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದರ ಮೇಲೆ. ಆದರೂ ಯಾರಾದರೂ ಒಂದು ಕಾಗುಣಿತದ ತಪ್ಪು ಹುಡುಕಲಿ ನೋಡೋಣ! ಅಷ್ಟು ವರ್ಷದಲ್ಲಿ ತನ್ನದು ಅಂತ ಒಂದು ವಾಕ್ಯ ಬರೆದವಳಲ್ಲ, ಅಷ್ಟೇ.

ಅದು ಗೊತ್ತಾದದ್ದು ಚಿಕ್ಕಪ್ಪ ತೀರಿಕೊಂಡಾಗ. ಮನೆಯ ಮುಂದಿನ ಕೋಣೆಯಲ್ಲೇ ರೇಡಿಯೋ ರಿಪೇರಿ ಮಾಡುತ್ತಿದ್ದ ಚಿಕ್ಕಪ್ಪ ಬೀದಿಗೆಲ್ಲ ಬೇಕಾದವರು. ಸಂತಾಪ ಸಭೆಯಲ್ಲಿ ಚಿಕ್ಕಮ್ಮನಿಗೂ ಎರಡು ಮಾತಾಡಿ ಎಂದರು. ಅವಳು ಬರೆದು ತಂದಿದ್ದ ಚೀಟಿ ಬಿಡಿಸಿ ಓದಿದಳು: "ಸದರಿಯವರು ದೀರ್ಘಕಾಲದ ಅನಾರೋಗ್ಯದಿಂದ ಬಳಲುತ್ತಿದ್ದು, ದಿನಾಂಕ ಹನ್ನೊಂದರಂದು ನಿಧನ ಹೊಂದಿರುತ್ತಾರೆಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ." ಹಿಂದಿನ ಸಾಲಿನಲ್ಲೊಬ್ಬರು ಕಿಸಕ್ಕನೆ ನಕ್ಕರು. ಅವರನ್ನು ನಾನು ಇವತ್ತಿಗೂ ಮಾತಾಡಿಸುವುದಿಲ್ಲ. ಚಿಕ್ಕಮ್ಮ ಅರ್ಧಕ್ಕೇ ನಿಲ್ಲಿಸಿ, ಚೀಟಿಯನ್ನು ನನ್ನ ಕೈಗೆ ತುರುಕಿ ಕೂತುಬಿಟ್ಟಳು.

ಮೂರು ತಿಂಗಳಾದ ಮೇಲೆ ಒಂದು ದಿನ ಫೋನ್ ಮಾಡಿದಳು. "ಅವ್ರ ಬಗ್ಗೆ ಒಂದು ಪುಟನಾದ್ರೂ ನನ್ನ ಮಾತಲ್ಲಿ ಬರೀಬೇಕು ಕಣೇ. ಯೂನಿವರ್ಸಿಟಿಲಿ ಬರವಣಿಗೆ ಕಲಿಸ್ತಾರಂತೆ."

ದೊಡ್ಡವರಿಗೆಂದೇ ಇಟ್ಟ ಕಿರು ಕೋರ್ಸ್ ಅದು. ಆರು ವಾರ, ಶನಿವಾರ ಬೆಳಿಗ್ಗೆ ತರಗತಿ, ಮಿಕ್ಕ ಪಾಠವನ್ನು ಪುರುಸೊತ್ತಾದಾಗ ಫೋನಿನಲ್ಲಿ ಕೇಳಿಕೊಳ್ಳಬಹುದು. ಹಳೆಯ ಅಂಕಪಟ್ಟಿ ಕೇಳುವುದಿಲ್ಲ.

"ಅರವತ್ತೆರಡನೇ ವಯಸ್ಸಲ್ಲಿ ಕಾಲೇಜಾ?" ಎಂದೆ.

"ನಿನ್ನ ಹೆಸ್ರೂ ಕೊಟ್ಟಿದೀನಿ. ಶನಿವಾರ ಬೇಗ ಏಳು."

ತರಗತಿಯಲ್ಲಿ ಒಬ್ಬ ಲಾರಿ ಡ್ರೈವರ್, ಒಬ್ಬ ನರ್ಸ್, ರಿಟೈರಾದ ಮೂರು ಜನ, ನಾವಿಬ್ಬರು. ಪಾಠ ಮಾಡುವ ಮೇಡಂ ನನಗಿಂತ ಚಿಕ್ಕವಳು. ನಿಮ್ಮ ಅಡುಗೆಮನೆಯ ಬಗ್ಗೆ ಬರೆಯಿರಿ ಎಂದಳು. ಚಿಕ್ಕಮ್ಮ ಬರೆದದ್ದು: "ಸದರಿ ಅಡುಗೆಮನೆಯು ಪೂರ್ವಾಭಿಮುಖವಾಗಿದ್ದು, ಎರಡು ಕಿಟಕಿಗಳನ್ನು ಹೊಂದಿರುತ್ತದೆ." ಡ್ರೈವರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಸಲ ಚಿಕ್ಕಮ್ಮನೂ ನಕ್ಕಳು.

ನಾನು ಎರಡನೇ ವಾರಕ್ಕೇ ಫೋನಿನ ಪಾಠ ಕೇಳುವುದನ್ನು ಬಿಟ್ಟೆ, ಕೆಲಸದ ನೆಪ ಹೇಳಿಕೊಂಡು; ಶನಿವಾರ ಮಾತ್ರ ಅವಳ ಜೊತೆ ಹೋಗುತ್ತಿದ್ದೆ. ಅವಳು ಬಿಡಲಿಲ್ಲ. ತರಕಾರಿ ಹೆಚ್ಚುತ್ತಾ ಒಂದು ಸಲ, ಬಟ್ಟೆ ಮಡಚುತ್ತಾ ಇನ್ನೊಂದು ಸಲ, ಕುಕ್ಕರ್ ಕೂಗಿ ಮಾತು ಕೇಳದೇ ಹೋದರೆ ಮತ್ತೆ ಮೊದಲಿಂದ. ಚಿಕ್ಕಪ್ಪನ ಬಗ್ಗೆ ದಿನಕ್ಕೊಂದು ಹಾಳೆ ಬರೆದು ಹರಿಯುತ್ತಿದ್ದಳು. ನನಗಂತೂ ಅಷ್ಟು ತಾಳ್ಮೆ ಈ ಜನ್ಮಕ್ಕೆ ಬರುವುದಿಲ್ಲ. ಅವಳನ್ನು ನೋಡಿ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಕೊನೆಯ ಶನಿವಾರ ಎಲ್ಲರೂ ಒಂದೊಂದು ಪುಟ ಓದಬೇಕಿತ್ತು. ಅದಕ್ಕೆ ಒಂದು ವಾರ ಮುಂಚೆ ಚಿಕ್ಕಮ್ಮ ಮೇಡಂ ಮುಂದೆ ಕೈಚೆಲ್ಲಿ ಕೂತಳು. "ಆಗಲ್ಲಮ್ಮ. ಬರೆಯೋಕೆ ಕೂತ್ರೆ ಅವ್ರು ಫೈಲ್ ಆಗ್ಬಿಡ್ತಾರೆ."

ಮೇಡಂ ಪುಸ್ತಕ ಮುಚ್ಚಿಟ್ಟು ಕೇಳಿದಳು: "ಮನೇಲಿ ಅವ್ರನ್ನ ಏನಂತ ಕರೀತಿದ್ರಿ?"

ಚಿಕ್ಕಮ್ಮನ ಮುಖ ಕೆಂಪಾಯಿತು. "ಎಲ್ರೂ ಕರೆಯೋ ಹಾಗೆ. ರೀ ಅಂತ."

"ಹಾಗಾದ್ರೆ ಅವ್ರ ಬಗ್ಗೆ ಬರೀಬೇಡಿ. ಅವ್ರಿಗೇ ಬರೀರಿ."

ಆ ಶನಿವಾರ ಬಂತು. ಚಿಕ್ಕಮ್ಮ ಹಾಳೆ ಹಿಡಿದು ಎದ್ದು ನಿಂತಳು. ಅವಳು ಮತ್ತೆ ಅರ್ಧಕ್ಕೇ ನಿಲ್ಲಿಸಿದರೆ ಎಂಬ ಭಯ ನನಗೆ. ಮಿಕ್ಕಿದ್ದನ್ನು ಓದಿಕೊಡೋಣವೆಂದು ನಾನೂ ಏಳಹೋದೆ. ಕೂತ್ಕೋ ಎಂದು ಕೈಸನ್ನೆ ಮಾಡಿ ಓದತೊಡಗಿದಳು.

"ರೀ, ದಿನಾ ಸಂಜೆ ನಾನು ಚಪ್ಪಲಿ ಬಿಡೋಕೆ ಮುಂಚೆನೇ, ಇವತ್ತು ಏನು ಟೈಪ್ ಮಾಡಿದೆ ಅಂತ ಕೇಳ್ತಿದ್ರಿ. ಯಾರಿಗ್ಗೊತ್ತು, ಓದ್ಕೊಂಡು ಟೈಪ್ ಮಾಡೋರು ಯಾರು ಅಂತ ನಾನು ಒಳಗೆ ಹೋಗ್ತಿದ್ದೆ. ಮೂವತ್ತು ವರ್ಷ ಕೇಳಿದ್ರಿ. ಇವತ್ತು ಹೇಳ್ತೀನಿ, ಕೂತ್ಕೊಳ್ಳಿ."

ಆಮೇಲಿನದೆಲ್ಲ ಅವರಿಬ್ಬರ ಮಾತು, ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಎರಡು ಸಲ ನಿಲ್ಲಿಸಿದಳು, ಎರಡು ಸಲವೂ ನೀರು ಕುಡಿದು ಮುಂದುವರಿಸಿದಳು. ಡ್ರೈವರಣ್ಣ ಕಣ್ಣೊರೆಸಿಕೊಳ್ಳುತ್ತಿದ್ದ. ಕೊನೆಯ ಸಾಲಿನವರೆಗೂ ಅವಳೇ ಓದಿದಳು.