ಹಸಿ ಹಾಲಿನ ಪ್ರಶ್ನೆ
ಮಿದುಳಿನ ಸೋಂಕಿನ ರೋಗಿ ಬಂದರೆ ಅಬುಧಾಬಿಯ ಡಾಕ್ಟರ್ ಚಂದ್ರಮತಿ ಸ್ಕ್ಯಾನ್ ನೋಡುವ ಮೊದಲೇ ಮಂಚದ ಅಂಚಿನಲ್ಲಿ ಕುಳಿತು ಮಾತಿಗೆ ಶುರುಮಾಡುತ್ತಿದ್ದರು. "ಸ್ಕ್ಯಾನ್ ಎಲ್ಲಿಗೂ ಓಡಿಹೋಗುದಿಲ್ಲ ಮಾರಾಯ್ರೆ, ಮನುಷ್ಯನ ನೆನಪು ಓಡಿಹೋಗ್ತದೆ" ಎನ್ನುವರು. ಬೆಕ್ಕು ಉಂಟಾ, ಹಲ್ಲು ಕೀಳಿಸಿದ್ದುಂಟಾ, ಕುಡಿಯುವ ಹಾಲು ಯಾವುದು ಎಂಬ ಅವರ ಪ್ರಶ್ನೆಗಳಿಗೆ ಹೆದರಿ, ಅಲ್ಲಿನ ಕನ್ನಡ ಸಂಘದ ಯುಗಾದಿ ಊಟದಲ್ಲೂ ಜನ ಅವರ ಪಕ್ಕದ ಎಲೆಗೆ ಕೂರಲು ಹಿಂಜರಿಯುತ್ತಿದ್ದರು. ನಗರದಂಚಿನ ಕಾರ್ಖಾನೆ ಪ್ರದೇಶ ಮುಸಫ್ಫಾದ ವೆಲ್ಡರ್ ಪರಸಪ್ಪನಿಗೆ ತಿಂಗಳುಗಳಿಂದ ಬಿಟ್ಟು ಬಿಟ್ಟು ಜ್ವರ, ತಲೆನೋವು, ಎಡಗಿವಿಯೂ ಮಂದವಾಗಿತ್ತು. ಬೇರೆ ಕಡೆ ಕ್ಷಯವೆಂದು ಔಷಧ ಕೊಟ್ಟಿದ್ದರು. ಚಂದ್ರಮತಿ ಬಿಡದೆ ಕೇಳಿದಾಗ ಅವನು, "ಶುಕ್ರವಾರ ದೋಸ್ತನ ಫಾರ್ಮಿಗೆ ಹೋಗ್ತಿದ್ನಿರಿ. ಒಂಟಿ ಹಾಲು ಕುಡೀತಿದ್ನಿ, ಹಸೀದು" ಎಂದ. ಒಂಟೆಯ ಹಸಿ ಹಾಲಿನಿಂದಲೂ ಬರುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಅಪರೂಪಕ್ಕೆ ಮಿದುಳಿಗೂ ಏರುತ್ತದೆ. ಬೆನ್ನುಹುರಿಯ ನೀರಿನ ಪರೀಕ್ಷೆಯೂ ಅದನ್ನೇ ಹೇಳಿತು. ಸರಿಯಾದ ಔಷಧ ತಿಂಗಳಾನುಗಟ್ಟಲೆ ನಡೆದ ಮೇಲೆ ಪರಸಪ್ಪ ಚೇತರಿಸಿಕೊಂಡು ಕೆಲಸಕ್ಕೆ ಮರಳಿದ. ಎಡಗಿವಿ ಮಾತ್ರ ಮರಳಲಿಲ್ಲ. ಆಸ್ಪತ್ರೆಯೆಲ್ಲ ಹೊಗಳಿದರೂ ಚಂದ್ರಮತಿಯವರಿಗೆ ಆ ಹೊಗಳಿಕೆ ರುಚಿಸಲಿಲ್ಲ. "ನೀವ ನನ್ನ ಪಾಲಿಗೆ ದೇವರ್ರೀ" ಎಂದು ಅವನು ಕೈಮುಗಿದಾಗ, ಅವರು ಕುರ್ಚಿ ಬಿಟ್ಟೆದ್ದು, ಮೇಜು ಸುತ್ತಿ ಅವನ ಬಲಗಡೆಗೆ ಬಂದು ಕುಳಿತು, "ಆ ಕಿವಿಗೆ ನಾನು ತಡವಾಗಿ ಸಿಕ್ಕಿದೆ, ಪರಸಪ್ಪ" ಎಂದರು.